ನಾಳ್ಗಾವುಂಡತನದಿಂದ ಗ್ರಾಮ ಪಂಚಾಯಿತಿಯವರೆಗೆ

ಸ್ಥಳೀಯ ಆಡಳಿತದಲ್ಲಿ ಮಹಿಳೆಯ ಸ್ಥಾನವನ್ನು ಕುರಿತು ಚರ್ಚಿಸುವಾಗ ನಾವು ಮೊದಲು ಶಾಸನಗಳತ್ತ ನೋಡುವುದು ಸಹಜ. ಹತ್ತನೆಯ ಶತಮಾನದ ಆದಿಭಾಗದಲ್ಲಿ, ರಾಷ್ಟ್ರಕೂಟರ ಆಳಿಕೆಯಲ್ಲಿ, ಜಕ್ಕಿಯಬ್ಬೆಯು ನಾಗರಖಂಡ 70ರ ನಾಳ್ಗಾವುಂಡತನವನ್ನು ನಿರ್ವಹಿಸಿದಳು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ಅಕ್ಕಾದೇವಿಯು ಕಿಸುಕಾಡು 70ನ್ನು ಆಳಿದಳು. ಆದರೆ ಇಷ್ಟರಿಂದಲೇ ಅಂದಿನ ಮಹಿಳಾ ಸಮುದಾಯಕ್ಕೆ ಅಧಿಕಾರವಿತ್ತೆಂದು ಸಾಮಾನ್ಯೀಕರಿಸಲಾಗದು. ಜಕ್ಕಿಯಬ್ಬೆಗೆ ಪದವಿ ಬಂದುದು ಪತಿಯ ಮರಣಾನಂತರ. ಅಕ್ಕಾದೇವಿ ಅರಸನ ಸೋದರಿ. ಅಧಿಕಾರದ ದಾರಿ ಮನೆತನದ ಮೂಲಕವೇ ಸಾಗುತ್ತಿತ್ತು.

ಕರ್ನಾಟಕದ 1983ರ ಕಾಯಿದೆಯು ಮಹಿಳೆಯರಿಗೆ ಶೇಕಡ 25ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. 1987ರ ಚುನಾವಣೆಯಲ್ಲಿ ಅದು ಕಾರ್ಯರೂಪಕ್ಕೆ ಬಂದಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದ ಮೀಸಲಾತಿಯನ್ನು ವಿಧಿಸಿತು. ಕರ್ನಾಟಕವು 2010ರಲ್ಲಿ ಅದನ್ನು ಅರ್ಧಕ್ಕೇರಿಸಿತು. ಪರಿಶಿಷ್ಟರಿಗೆ ಮೀಸಲಾದ ಸ್ಥಾನಗಳಲ್ಲಿಯೂ ಮಹಿಳೆಯರಿಗೆ ಪಾಲು ದೊರೆತುದರಿಂದ, ಗಾವುಂಡ ಮನೆತನಗಳ ಹೊರಗಿನವರಿಗೂ ಬಾಗಿಲು ತೆರೆಯಿತು.

ಅಡ್ಡಿಗಳು ಉಳಿದೇ ಇವೆ. ಎಷ್ಟೋ ಕಡೆ ಸದಸ್ಯೆಯ ಹೆಸರಿನಲ್ಲಿ ಪತಿಯೇ ವ್ಯವಹರಿಸುತ್ತಾನೆ. ಮೀಸಲಾತಿಯ ಆವರ್ತನದಿಂದ ಕ್ಷೇತ್ರ ಬದಲಾದಾಗ ಆಕೆ ಗಳಿಸಿದ ಅನುಭವ ನಿರರ್ಥಕವಾಗುತ್ತದೆ. ಆದರೂ ಜಕ್ಕಿಯಬ್ಬೆಗೆ ಇಲ್ಲದಿದ್ದ ಒಂದು ಆಧಾರ ಇಂದಿನ ಸದಸ್ಯೆಗಿದೆ: ಆಕೆಯ ಸ್ಥಾನ ಮತದಾರರಿಂದ ಬಂದುದು. ಪಂಚಾಯಿತಿಯ ನಡವಳಿ ಪುಸ್ತಕಗಳೇ ಈ ಕಾಲದ ಶಾಸನಗಳು. ಅಲ್ಲಿ ಸಹಿ ಯಾರದು ಎಂಬುದಷ್ಟೇ ಅಲ್ಲ, ಸೂಚನೆ ಯಾರದು ಎಂಬುದನ್ನೂ ನಮ್ಮ ಸಂಶೋಧಕರು ಪರಿಶೀಲಿಸಬೇಕಾಗಿದೆ.