ನಲವತ್ತೈದು ಬಡಿತಗಳ ಲೆಕ್ಕ: ಬ್ರಿಟಿಷ್ ಅಂಚೆ ಇಲಾಖೆಯ ಪ್ರಚಾರ ಕಿರುಚಿತ್ರಗಳು (1933–1940)

ಪ್ರವೇಶ

1936ರ 'ನೈಟ್ ಮೇಲ್' ಚಿತ್ರದಲ್ಲಿ ಒಂದು ದೃಶ್ಯವಿದೆ. ಅಂಚೆ ಹೊತ್ತ ರೈಲು ಕತ್ತಲೆಯಲ್ಲಿ ಓಡುತ್ತಿದೆ. ಕೆಲಸಕ್ಕೆ ಹೊಸಬನಾದ ನೌಕರನೊಬ್ಬ ಅಂಚೆಚೀಲವನ್ನು ಬೋಗಿಯ ಹೊರಗೆ ಚಾಚಲು ಅವಸರಪಡುತ್ತಾನೆ. ಪಳಗಿದ ಹಿರಿಯ ಅವನನ್ನು ತಡೆಯುತ್ತಾನೆ. ಮೊದಲು ಎರಡು ಸೇತುವೆ ದಾಟಬೇಕು, ಆಮೇಲೆ ಹಳಿಯ 45 ಬಡಿತ ಎಣಿಸಬೇಕು, ಅಲ್ಲಿಯವರೆಗೆ ಕೈ ಆಡಬಾರದು. ಲೆಕ್ಕ ತಪ್ಪಿದರೆ ಚೀಲ ಹಳಿಬದಿಯ ಬಲೆಗೆ ಬೀಳುವುದಿಲ್ಲ. ಎಣಿಕೆ ಶುರುವಾದೊಡನೆ ನೋಡುತ್ತಾ ಕೂತವರೂ ಮನಸ್ಸಿನಲ್ಲೇ ಎಣಿಸತೊಡಗುತ್ತಾರೆ. ಅಂಚೆಯವರು ಎಷ್ಟು ಚುರುಕು ಎಂದು ಚಿತ್ರ ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ.

ಪ್ರಚಾರಚಿತ್ರವನ್ನು ಇಷ್ಟು ಆಸೆಯಿಂದ ನೋಡುವಂತೆ ಮಾಡಿದ ಕೌಶಲ ಯಾವುದು? ಬ್ರಿಟನ್ನಿನ ಅಂಚೆ ಇಲಾಖೆಯ ಚಿತ್ರ ಘಟಕ, ಅಂದರೆ ಜಿಪಿಒ ಫಿಲಂ ಯೂನಿಟ್, 1933ರಿಂದ 1940ರವರೆಗೆ ತಯಾರಿಸಿದ ಚಿತ್ರಗಳಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುವುದು ಪ್ರಸ್ತುತ ಲೇಖನದ ಉದ್ದೇಶ. ಈ ಘಟಕದವರು ತಮ್ಮ ಇಲಾಖೆಯನ್ನು ಹೊಗಳುವ ಹಾದಿ ಹಿಡಿಯಲಿಲ್ಲ. ಪ್ರತಿಯೊಂದು ಸಂದೇಶಕ್ಕೂ ಅದಕ್ಕೇ ಒಪ್ಪುವ ರೂಪವನ್ನು ಹುಡುಕಿದರು. ಅವರ ಸೃಜನಶೀಲತೆಯ ಬೇರು ಇರುವುದು ಅಲ್ಲಿ ಎಂಬುದು ನನ್ನ ವಾದ.

ಹಿನ್ನೆಲೆ

ಈ ಕಥೆಯ ಮೊದಲ ಅಧ್ಯಾಯ ಅಂಚೆಗೆ ಸೇರಿದ್ದಲ್ಲ. ಸಾಮ್ರಾಜ್ಯದೊಳಗಿನ ಸರಕುಗಳಿಗೆ ಮಾರುಕಟ್ಟೆ ಒದಗಿಸಲು ಬ್ರಿಟನ್ 1926ರಲ್ಲಿ ಎಂಪೈರ್ ಮಾರ್ಕೆಟಿಂಗ್ ಬೋರ್ಡನ್ನು ಸ್ಥಾಪಿಸಿತು. ಅದರ ಕಾರ್ಯದರ್ಶಿ ಸ್ಟೀಫನ್ ಟ್ಯಾಲೆಂಟ್ಸ್. ಸ್ಕಾಟ್ಲೆಂಡಿನ ಜಾನ್ ಗ್ರಿಯರ್ಸನ್ ಅದೇ ಬೋರ್ಡಿಗಾಗಿ ಹೆರಿಂಗ್ ಮೀನುಗಾರರ ಬದುಕಿನ ಮೇಲೆ 'ಡ್ರಿಫ್ಟರ್ಸ್' ಚಿತ್ರ ತಯಾರಿಸಿದ. 1929ರ ನವೆಂಬರಿನಲ್ಲಿ ಲಂಡನ್ನಿನ ಫಿಲಂ ಸೊಸೈಟಿ ಅದನ್ನು ಸೋವಿಯತ್ ನಿರ್ದೇಶಕ ಐಸೆನ್‌ಸ್ಟೈನನ 'ಬ್ಯಾಟಲ್‌ಶಿಪ್ ಪೊಟೆಮ್ಕಿನ್' ಜೊತೆ ತೋರಿಸಿತು. ಮೀನಿನ ಪ್ರಚಾರಕ್ಕೆ ಹುಟ್ಟಿದ ಚಿತ್ರವೊಂದು ಆ ಕಾಲದ ಬಹುಚರ್ಚಿತ ಕಲಾಕೃತಿಯ ಪಕ್ಕದಲ್ಲಿ ನಿಂತಿತು.

ಬೋರ್ಡು 1933ರಲ್ಲಿ ಮುಚ್ಚಿತು. ಅಂಚೆ ಇಲಾಖೆಗೆ ಬಂದ ಟ್ಯಾಲೆಂಟ್ಸ್ ಗ್ರಿಯರ್ಸನ್ನನ ತಂಡವನ್ನೂ ಕರೆತಂದ. ಆಗ ಇಲಾಖೆಯ ಕೈಯಲ್ಲಿ ಕಾಗದ, ಪಾರ್ಸೆಲ್, ದೂರವಾಣಿ, ತಂತಿ, ಉಳಿತಾಯ ಖಾತೆ ಎಲ್ಲವೂ ಇದ್ದವು. ಜನರಿಗೆ ಇವುಗಳ ಉಪಯೋಗ ತಿಳಿಸಬೇಕಿತ್ತು. ಹಣ ಮಿತವಾಗಿತ್ತು. ಲಂಡನ್ನಿನ ಬ್ಲ್ಯಾಕ್‌ಹೀತ್‌ನಲ್ಲಿ ಒಂದು ಸಣ್ಣ ಸ್ಟುಡಿಯೋ ಇತ್ತು. ಬ್ರೆಜಿಲ್‌ನ ಆಲ್ಬೆರ್ತೊ ಕವಲ್ಕಾಂತಿ, ನ್ಯೂಜಿಲೆಂಡಿನ ಲೆನ್ ಲೈ, ಜರ್ಮನಿಯ ಲೊಟ್ಟೆ ರೈನಿಗರ್ ಮುಂತಾದ ಹೊರನಾಡಿನ ಪ್ರತಿಭೆಗಳಿಗೂ ಆ ಅಂಗಳ ತೆರೆದಿತ್ತು.

ಕೆಲಸದ ಲಯವೇ ಚಿತ್ರದ ಲಯ

'ನೈಟ್ ಮೇಲ್' ಸುಮಾರು 24 ನಿಮಿಷದ ಚಿತ್ರ. ನಿರ್ದೇಶನ ಹ್ಯಾರಿ ವಾಟ್ ಮತ್ತು ಬೇಸಿಲ್ ರೈಟ್ ಅವರದು. ಲಂಡನ್ನಿನಿಂದ ಸ್ಕಾಟ್ಲೆಂಡಿಗೆ ಹೋಗುವ ಅಂಚೆ ರೈಲಿನ ಒಂದು ರಾತ್ರಿಯೇ ಅದರ ವಸ್ತು. ನಮ್ಮ ಆರ್‌ಎಂಎಸ್ (ರೈಲ್ವೆ ಮೇಲ್ ಸರ್ವಿಸ್) ಬೋಗಿಗಳ ಹಾಗೆ ಅಲ್ಲಿಯೂ ನೌಕರರು ಓಡುವ ಗಾಡಿಯಲ್ಲೇ ನಿಂತು ಕಾಗದಗಳನ್ನು ಊರುವಾರು ಗೂಡುಗಳಿಗೆ ವಿಂಗಡಿಸುತ್ತಿದ್ದರು. ಓಡುವ ಬೋಗಿಯೊಳಗೆ ಮಾತು ಧ್ವನಿಮುದ್ರಿಸಿಕೊಳ್ಳುವುದು ಆಗ ಬಹಳ ಕಷ್ಟವಾದ್ದರಿಂದ ವಿಂಗಡಣೆಯ ಬೋಗಿಯನ್ನು ಬ್ಲ್ಯಾಕ್‌ಹೀತ್‌ನಲ್ಲಿ ಕಟ್ಟಿದರು. ನಟಿಸಿದವರು ನಿಜವಾದ ಅಂಚೆ ನೌಕರರು. ನಿಂತ ಬೋಗಿಯಲ್ಲಿ ಗಾಡಿ ಓಡುತ್ತಿದೆ ಎನಿಸುವಂತೆ ಅವರು ಮೈ ತೂಗುತ್ತಾ ಕೆಲಸ ಮಾಡಿದರು.

ಚಿತ್ರದ ಕೊನೆಯ ಭಾಗಕ್ಕೆ ಕವಿ ಡಬ್ಲ್ಯು. ಎಚ್. ಆಡೆನ್ ಪದ್ಯ ಬರೆದ. ಸಂಗೀತ ಬೆಂಜಮಿನ್ ಬ್ರಿಟನ್‌ನದು; ಅವನಿಗಾಗ ಕೇವಲ 22 ವರ್ಷ. ಪದ್ಯದ ನಡೆ ಗಾಲಿಗಳ ನಡೆಯನ್ನು ಹಿಡಿದು ಸಾಗುತ್ತದೆ. ಏರು ಹತ್ತುವಾಗ ಒಂದು ವೇಗ, ಇಳಿಜಾರಿನಲ್ಲಿ ಇನ್ನೊಂದು. ಇಂಥ ಕಡೆ ಪದ್ಯವನ್ನು ಚಿತ್ರದ ಅಲಂಕಾರವೆಂದು ಕರೆದರೆ ತಪ್ಪಾಗುತ್ತದೆ. ಬೀಸುವಾಗ, ಕುಟ್ಟುವಾಗ, ನಾಟಿ ಹಾಕುವಾಗ ಹಾಡು ಕಟ್ಟಿದ ಜನರಿಗೆ ಇದರ ಮರ್ಮ ಹೊಸತಲ್ಲ: ದುಡಿಮೆಯ ಒಳಗೇ ತಾಳವಿರುತ್ತದೆ, ಹಾಡು ಅದನ್ನು ಕೇಳಿಸುತ್ತದೆ. 45 ಬಡಿತದ ದೃಶ್ಯವೂ ಇದನ್ನೇ ಮಾಡಿತು. ನೌಕರರು ದಿನವೂ ಬಳಸುತ್ತಿದ್ದ ಲೆಕ್ಕವನ್ನು ಅದು ಕಥೆಯ ಕುತೂಹಲವಾಗಿ ಬದಲಿಸಿತು.

ಕ್ಯಾಮೆರಾ ಇಲ್ಲದ ಚಿತ್ರ

ತೋರಿಸಲು ಕೆಲಸವೇ ಇಲ್ಲದಿದ್ದರೆ? ಪಾರ್ಸೆಲ್ ದರ ಇಳಿದಿದೆ ಎಂಬ ಸುದ್ದಿಯಲ್ಲಿ ರೈಲೂ ಇಲ್ಲ, ಮನುಷ್ಯರೂ ಇಲ್ಲ. ಲೆನ್ ಲೈ 1935ರಲ್ಲಿ 'ಎ ಕಲರ್ ಬಾಕ್ಸ್' ಮಾಡಿದ್ದು ಈ ಸುದ್ದಿಗೆ. ಅವನು ಕ್ಯಾಮೆರಾ ಮುಟ್ಟಲಿಲ್ಲ. ಫಿಲಂ ಸುರುಳಿಯ ಮೇಲೆಯೇ ನೇರವಾಗಿ ಬಣ್ಣ ಬಳಿದ, ಗೆರೆ ಎಳೆದ, ಚುಕ್ಕಿ ಇಟ್ಟ. ಒಂದು ಸೆಕೆಂಡಿಗೆ 24 ಚೌಕಟ್ಟುಗಳ ಲೆಕ್ಕದಲ್ಲಿ ನಾಲ್ಕು ನಿಮಿಷಕ್ಕೆ 5,760 ಚೌಕಟ್ಟು ಬೇಕು. ಆದರೆ ಲೈ ಒಂದೊಂದು ಚೌಕಟ್ಟನ್ನು ಪ್ರತ್ಯೇಕ ಚಿತ್ರವೆಂದು ಬಿಡಿಸಲಿಲ್ಲ. ಪಟ್ಟಿಯ ಉದ್ದಕ್ಕೂ ಎಳೆದ ಗೆರೆ ತೆರೆಯ ಮೇಲೆ ತಾನೇ ನಡುಗಿ ಕುಣಿಯಿತು. ಹಿನ್ನೆಲೆಯಲ್ಲಿ ಕ್ಯೂಬಾದ ನೃತ್ಯಸಂಗೀತ. ಕೊನೆಯ ಹೊತ್ತಿಗೆ ಪಾರ್ಸೆಲಿನ ತೂಕ ಮತ್ತು ದರಗಳು ಅದೇ ಬಣ್ಣದ ಕುಣಿತದ ಭಾಗವಾಗಿ ಬಂದು ಹೋಗುತ್ತವೆ.

ನೋಡುಗರಿಗೆ ಇಲ್ಲಿ ಮೊದಲು ಸಿಗುವುದು ಸಂತೋಷ. ಸುದ್ದಿ ಅದರ ಹಿಂದೆ ಬರುತ್ತದೆ. ಲೈ 1937ರ 'ಟ್ರೇಡ್ ಟ್ಯಾಟೂ'ದಲ್ಲಿ ಘಟಕದ ಬೇರೆ ಚಿತ್ರಗಳಿಂದ ಉಳಿದ ತುಣುಕುಗಳನ್ನೇ ಆರಿಸಿ, ಬಣ್ಣ ಹಚ್ಚಿ, ವಿನ್ಯಾಸ ಹೊದಿಸಿ, ಕಾಗದಗಳನ್ನು ದಿನದಲ್ಲಿ ಬೇಗ ಅಂಚೆಗೆ ಹಾಕಿ ಎಂಬ ಸಂದೇಶಕ್ಕೆ ಜೋಡಿಸಿದ. ಹಳೆ ಸೀರೆಯ ಚೂರುಗಳಿಂದ ಹೊಸ ಕೌದಿ ಹೊಲಿದಂಥ ಕೆಲಸ ಅದು. ಖರ್ಚಿನ ಮಿತಿ ಲೈಯ ಕೈಯಲ್ಲಿ ಶೈಲಿಯಾಯಿತು.

ಕಥೆ, ಮುಖ, ನೆರಳು

ದೂರವಾಣಿಯ ಪ್ರಚಾರಕ್ಕೆ ಕವಲ್ಕಾಂತಿ ಕಥೆಯ ದಾರಿ ಹಿಡಿದ. 1934ರ 'ಪೆಟ್ ಅಂಡ್ ಪಾಟ್' ಅಕ್ಕಪಕ್ಕದ ಎರಡು ಸಂಸಾರಗಳ ಹಾಸ್ಯಕಥೆ. ಒಂದು ಮನೆಯಲ್ಲಿ ಫೋನಿದೆ, ಇನ್ನೊಂದರಲ್ಲಿ ಇಲ್ಲ. ಧ್ವನಿಯನ್ನು ಮೊದಲು ಮುದ್ರಿಸಿ, ದೃಶ್ಯವನ್ನು ಆಮೇಲೆ ಅದಕ್ಕೆ ಹೊಂದಿಸಿದ್ದು ಇದರ ವೈಶಿಷ್ಟ್ಯ. ದೂರವಾಣಿ ಧ್ವನಿಯ ಸಾಧನ. ಅದರ ಚಿತ್ರವೂ ಧ್ವನಿಯಿಂದಲೇ ಹುಟ್ಟಿದ್ದು ನನಗೆ ಅರ್ಥಪೂರ್ಣವೆನಿಸುತ್ತದೆ.

ಉಳಿತಾಯ ಖಾತೆಗಾಗಿ ಹ್ಯಾರಿ ವಾಟ್ 1936ರಲ್ಲಿ ಕಾರ್ನ್‌ವಾಲ್‌ನ ಮೌಝಲ್ ಎಂಬ ಮೀನುಗಾರರ ಹಳ್ಳಿಗೆ ಹೋದ. 'ದ ಸೇವಿಂಗ್ ಆಫ್ ಬಿಲ್ ಬ್ಲೂಯಿಟ್' ಚಿತ್ರದಲ್ಲಿ ದೋಣಿಗಾಗಿ ಹಣ ಕೂಡಿಡುವ ಮೀನುಗಾರನಾಗಿ ನಟಿಸಿದವನು ಆ ಊರಿನ ಪೋಸ್ಟ್‌ಮಾಸ್ಟರನೇ. ಇತ್ತ ಲೊಟ್ಟೆ ರೈನಿಗರ್ 1938ರ 'ದ ಟೋಚರ್'ನಲ್ಲಿ ಅದೇ ಉಳಿತಾಯ ಖಾತೆಯನ್ನು ಕಪ್ಪು ಕಾಗದ ಕತ್ತರಿಸಿದ ನೆರಳುಬೊಂಬೆಗಳ ಪ್ರೇಮಕಥೆಯಾಗಿಸಿದಳು. ಒಂದೇ ಸೇವೆಗೆ ಒಂದು ಕಡೆ ಊರಿನ ನಿಜ ಮುಖಗಳು, ಇನ್ನೊಂದು ಕಡೆ ತೊಗಲುಗೊಂಬೆಯಾಟವನ್ನು ನೆನಪಿಸುವ ನೆರಳುಗಳು! ಸಿದ್ಧ ಅಚ್ಚು ಎಂಬುದು ಈ ಘಟಕದಲ್ಲಿ ಇರಲಿಲ್ಲ.

ಮಿತಿಗಳು

ಈ ಸ್ವಾತಂತ್ರ್ಯಕ್ಕೆ ಗಡಿಯೂ ಇತ್ತು. ವಿಮಾನ ಅಂಚೆಗಾಗಿ ನಾರ್ಮನ್ ಮೆಕ್‌ಲಾರೆನ್ 1938ರಲ್ಲಿ ಮಾಡಿದ 'ಲವ್ ಆನ್ ದ ವಿಂಗ್'ನಲ್ಲಿ ಗೆರೆಗಳು ಕ್ಷಣಕ್ಷಣವೂ ಒಂದು ವಸ್ತುವಿನಿಂದ ಇನ್ನೊಂದಾಗುತ್ತವೆ. ಅದರಲ್ಲಿ ಕಾಮದ ಸೂಚನೆ ಅತಿಯಾಯಿತೆಂದು ಇಲಾಖೆಯ ಮುಖ್ಯಸ್ಥರು ಪ್ರದರ್ಶನ ತಡೆದರು. ಇನ್ನೊಂದು ಕೊರತೆ ಹೆಚ್ಚು ಗಂಭೀರವಾದದ್ದು. ದುಡಿಯುವವರ ಕೈಚಳಕವನ್ನು ಅಷ್ಟು ಗೌರವದಿಂದ ತೋರಿಸಿದ 'ನೈಟ್ ಮೇಲ್' ಅವರ ಸಂಬಳದ ಮಾತನ್ನಾಗಲಿ, ರಾತ್ರಿಪಾಳಿಯ ಬವಣೆಯನ್ನಾಗಲಿ ಎತ್ತುವುದಿಲ್ಲ. ಹಣ ಕೊಟ್ಟ ಧಣಿಯ ನೆರಳು ಪ್ರಚಾರಚಿತ್ರದ ಮೇಲೆ ಯಾವಾಗಲೂ ಇರುತ್ತದೆ. ಈ ಚಿತ್ರಗಳನ್ನು ಮೆಚ್ಚುವವರು ಈ ಮೌನವನ್ನೂ ಓದಬೇಕು.

ಭಾರತಕ್ಕೆ ಬಂದ ಎಳೆ

1940ರಲ್ಲಿ ಘಟಕ ಕ್ರೌನ್ ಫಿಲಂ ಯೂನಿಟ್ ಆಗಿ ಯುದ್ಧಪ್ರಚಾರಕ್ಕೆ ತಿರುಗಿತು. ಅದೇ ವರ್ಷ ಬ್ರಿಟಿಷ್ ಸರ್ಕಾರ ಭಾರತದಲ್ಲಿ ಫಿಲಂ ಅಡ್ವೈಸರಿ ಬೋರ್ಡ್ ರಚಿಸಿತು. ಗ್ರಿಯರ್ಸನ್ ಬಳಗದ ಅಲೆಕ್ಸಾಂಡರ್ ಶಾ ಅದಕ್ಕಾಗಿ ಇಲ್ಲಿಗೆ ಬಂದ. ಸ್ವಾತಂತ್ರ್ಯದ ನಂತರ, 1948ರಲ್ಲಿ, ಫಿಲಂಸ್ ಡಿವಿಷನ್ ಹುಟ್ಟಿತು. ಅದರ ಸಾಕ್ಷ್ಯಚಿತ್ರಗಳೂ ವಾರ್ತಾಚಿತ್ರಗಳೂ ಕನ್ನಡದ ವಿವರಣೆಯೊಂದಿಗೆ ನಮ್ಮ ಟಾಕೀಸುಗಳಲ್ಲಿ ಸಿನಿಮಾಕ್ಕೆ ಮೊದಲು ಓಡಿದವು. ಅವುಗಳಲ್ಲಿ ಬಹಳಷ್ಟು ಬೋಧನೆಯ ದನಿಗೆ ಅಂಟಿಕೊಂಡವು. ಆದರೂ ಹಳೆಯ ಹುರುಪು ಅಲ್ಲಲ್ಲಿ ಚಿಗುರಿತು.

ಇಲ್ಲಿ ಮೆಕ್‌ಲಾರೆನ್ ಮತ್ತೆ ನೆನಪಾಗುತ್ತಾನೆ. ಕೆನಡಾಕ್ಕೆ ಹೋದ ಆತ 1952ರ 'ನೇಬರ್ಸ್' ಚಿತ್ರದಲ್ಲಿ ಜೀವಂತ ಮನುಷ್ಯರನ್ನೇ ಬೊಂಬೆಗಳಂತೆ ಒಂದೊಂದು ಚೌಕಟ್ಟಿಗೆ ನಿಲ್ಲಿಸಿ ಚಿತ್ರಿಸಿದ. ಪಿಕ್ಸಿಲೇಷನ್ ಎಂಬ ಆ ತಂತ್ರವನ್ನು ಫಿಲಂಸ್ ಡಿವಿಷನ್ನಿನ ಪ್ರಮೋದ್ ಪತಿ 1968ರ 'ಕ್ಲಾಕ್ಸ್‌ಪ್ಲೋಷನ್'ನಲ್ಲಿ ಕುಟುಂಬ ಯೋಜನೆಯ ಪ್ರಚಾರಕ್ಕೆ ಬಳಸಿದರು. ಜನ ಕೇಳಿ ಕೇಳಿ ಬೇಸತ್ತಿದ್ದ ಸಂದೇಶ ಅಲ್ಲಿ ಹೊಸ ಮೈ ಪಡೆಯಿತು.

ಸಮಾರೋಪ

ಈ ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಕ್ರಮ ಕಾಣುತ್ತದೆ. ಸೇವೆಯಲ್ಲಿ ಲಯವಿದ್ದಲ್ಲಿ ಲಯವನ್ನು ಹಿಡಿದರು; ಬರೀ ಅಂಕಿಗಳಿದ್ದಲ್ಲಿ ಬಣ್ಣ ತಂದರು; ಧ್ವನಿಯ ವಿಷಯವಾದರೆ ಧ್ವನಿಯಿಂದ ಆರಂಭಿಸಿದರು; ನಂಬಿಕೆ ಬೇಕಾದಲ್ಲಿ ಊರಿನವರ ಮುಖವನ್ನೇ ತೋರಿಸಿದರು. ತಂತ್ರ ಪ್ರತಿಸಲವೂ ವಸ್ತುವಿನೊಳಗಿಂದ ಬಂತು. ಇಂದು ಕೈಫೋನಿನಲ್ಲೇ ಚಿತ್ರೀಕರಣ, ಸಂಕಲನ ಎರಡೂ ಆಗುತ್ತವೆ. ಆದರೆ ಹಾಲು ಸಹಕಾರ ಸಂಘವಾಗಲಿ, ಹಳ್ಳಿಯ ಗ್ರಂಥಾಲಯವಾಗಲಿ, ಕೈಮಗ್ಗದ ನೇಕಾರರಾಗಲಿ ತಮ್ಮ ಬಗ್ಗೆ ಕಿರುಚಿತ್ರ ಮಾಡಿಸುವಾಗ ಹಿನ್ನೆಲೆಯಲ್ಲಿ ಹೊಗಳಿಕೆಯ ದನಿಯನ್ನು ತುಂಬಿಸಿಬಿಡುತ್ತಾರೆ. ಮಗ್ಗದ ಮುಂದೆ ಕೂತವನಿಗೆ ಎಷ್ಟನೆಯ ಎಳೆಗೆ ಬಣ್ಣ ಬದಲಿಸಬೇಕೆಂಬ ಲೆಕ್ಕ ಗೊತ್ತಿರುತ್ತದೆ. ಕ್ಯಾಮೆರಾ ಹಿಡಿದವರು ಮೊದಲು ಅವನ ಪಕ್ಕ ಕೂತು ಆ ಲೆಕ್ಕವನ್ನು ಕಲಿಯಬೇಕು.