ಐವತ್ತರ ಅರ್ಧ

ನಮ್ಮ ಚಿಕ್ಕಮ್ಮನಿಗೆ ಹಸೆ ಹಾಡು, ಆರತಿ ಹಾಡು, ಬೀಸುವ ಪದ ಎಲ್ಲ ಸೇರಿ ಎಷ್ಟು ಬರುತ್ತಿದ್ದವೋ ಲೆಕ್ಕವಿಟ್ಟವರಿಲ್ಲ. 2020ರಲ್ಲಿ ಎಲ್ಲರೂ ಮನೆಯೊಳಗೇ ಕೂತಿದ್ದಾಗ ಆಕೆ ಮೊಮ್ಮಗಳ ಫೋನಿನೆದುರು ಕುಳಿತು ಸಂಜೆ ಹೊತ್ತು ನಮಗೆಲ್ಲ ಹಾಡು ಕಲಿಸಿದಳು. ಕಂಪ್ಯೂಟರಿನ ಪರದೆಯ ಮೇಲೆ ಮೂಡಿದ್ದನ್ನು ನಾನು ಹಾಗೆಯೇ ರೆಕಾರ್ಡ್ ಮಾಡಿಟ್ಟೆ. ಹಾಡಿನ ಸಾಲುಗಳನ್ನೂ ಟೈಪ್ ಮಾಡಿ ಅವಳ ಮುಖದ ಪಕ್ಕದಲ್ಲೇ ತೆರೆದಿಟ್ಟಿರುತ್ತಿದ್ದೆ. ಮರುವರ್ಷ ಚಿಕ್ಕಮ್ಮ ತೀರಿಕೊಂಡಳು.

ಹಳ್ಳಿಯಲ್ಲಿರುವ ಅಕ್ಕನ ಮನೆಯಲ್ಲಿ ಇಂಟರ್ನೆಟ್ ಇಲ್ಲ. ಹಳೆಯ ಡಬ್ಬಿ ಟೀವಿ, ಡಿವಿಡಿ ಪ್ಲೇಯರ್ ಇವೆ. ಮೂರು ಗಂಟೆಯ ಹಾಡನ್ನೂ ಒಂದೇ ಡಿವಿಡಿಗೆ ತುಂಬಿ ಕಳಿಸಿದೆ. ವಾರದೊಳಗೆ ಫೋನು ಬಂತು: "ಹಾಡು ಮುಂದೆ ಹೋಗಿದೆ, ಚಿಕ್ಕಮ್ಮನ ಬಾಯಿ ಹಿಂದೆ ಉಳಿದಿದೆ. ಅಕ್ಷರಗಳಂತೂ ಇರುವೆ ಸಾಲು ಕಣೇ!"

ತಪ್ಪು ನನ್ನದೇ. ರೆಕಾರ್ಡ್ ಮಾಡುವಾಗ ಸೆಟ್ಟಿಂಗ್ಸ್‌ನಲ್ಲಿದ್ದ 25, 30 ಎಂಬ ಸಂಖ್ಯೆಗಳತ್ತ ನಾನು ನೋಡಿಯೇ ಇರಲಿಲ್ಲ. ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಲೆಕ್ಕ ಅದು. ನಮ್ಮ ಕಡೆಯ ಡಿವಿಡಿಗೆ 25. ಇದು ಎಲ್ಲಿಂದ ಬಂತು ಗೊತ್ತೇ? ಬೀದಿಯ ಲೈಟ್ ಕಂಬದಿಂದ ಎಂದರೆ ನಗಬೇಡಿ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತದ್ದು. ಟೀವಿಯ ಚಿತ್ರ ಅದಕ್ಕೆ ಹೊಂದದಿದ್ದರೆ ಪರದೆಯ ಮೇಲೆ ಪಟ್ಟಿಗಳು ಹರಿದಾಡುತ್ತವೆಂದು ಹಿಂದಿನವರು ಸೆಕೆಂಡಿಗೆ 50 ಅರೆಚಿತ್ರ, ಅಂದರೆ 25 ಪೂರ್ಣಚಿತ್ರ ಎಂದು ಗೊತ್ತುಮಾಡಿಕೊಂಡರು. ಅಮೆರಿಕದ ಕರೆಂಟು 60ರದ್ದು, ಹಾಗಾಗಿ ಅವರಿಗೆ 30. ಜರ್ಮನಿಯ ವಾಲ್ಟರ್ ಬ್ರೂಖ್ 1963ರಲ್ಲಿ ತೋರಿಸಿಕೊಟ್ಟ ಪಾಲ್ ಎಂಬ ಬಣ್ಣದ ಪದ್ಧತಿಯೂ ಈ 50ರ ಮೇಲೆಯೇ ನಿಂತದ್ದು. 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ವರ್ಷ, ನಮ್ಮ ಟೀವಿಗೆ ಬಣ್ಣ ಬಂದದ್ದು ಅದೇ ಪದ್ಧತಿಯಲ್ಲಿ. ಅದರ 625 ಗೆರೆಗಳಲ್ಲಿ ಚಿತ್ರವಿರುವುದು 576ರಲ್ಲಿ ಮಾತ್ರ. 1996ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಡಿವಿಡಿ ಹಳೆಯ ಟೀವಿಗಳಲ್ಲೂ ಓಡಬೇಕಿತ್ತಲ್ಲ, ಆ ಲೆಕ್ಕಗಳನ್ನೇ ತವರಿನ ಪಾತ್ರೆಗಳಂತೆ ಹೊತ್ತು ತಂದಿತು.

ನನ್ನ ರೆಕಾರ್ಡಿಂಗೋ, ಒಮ್ಮೆ 30, ಒಮ್ಮೆ 20, ಮನಸ್ಸು ಬಂದಷ್ಟು ಚಿತ್ರ. ಧ್ವನಿ ಮಾತ್ರ ಗಡಿಯಾರದಂತೆ ನಡೆದಿದೆ. ಜೊತೆ ತಪ್ಪದೆ ಇನ್ನೇನು? ಪರದೆಯ 1080 ಗೆರೆಗಳನ್ನು 576ಕ್ಕೆ ಒತ್ತಿದ್ದರಿಂದ ಸಣ್ಣ ಅಕ್ಷರ ಅಪ್ಪಚ್ಚಿ. 4.7 ಗಿಗಾಬೈಟಿನ ಡಿಸ್ಕಿಗೆ ಎರಡು ಗಂಟೆಯೇ ಹದ. ಮೂರು ಗಂಟೆ ತುಂಬಿದ್ದು ಹಿಟ್ಟಿಗೆ ನೀರು ಸುರಿದು ದೋಸೆ ಹೆಚ್ಚಿಸಿದ ಹಾಗಾಗಿತ್ತು. ನಿಮ್ಮ ಮನೆಯಲ್ಲಿ ಹಾಡುವವರಿದ್ದರೆ ಬಟನ್ ಒತ್ತುವ ಮೊದಲೇ ಏರುಪೇರಿಲ್ಲದ 25 ಇಟ್ಟುಕೊಳ್ಳಿ, ಧ್ವನಿಗೆ 48 ಕಿಲೋಹರ್ಟ್ಜ್. ನನಗೆ ಇನ್ನೊಮ್ಮೆ ಹಾಡಿಸುವ ಭಾಗ್ಯವಿರಲಿಲ್ಲ.

ಪುಣ್ಯಕ್ಕೆ ಮೂಲ ರೆಕಾರ್ಡಿಂಗ್ ಅಳಿಸಿರಲಿಲ್ಲ. ಚಿತ್ರವನ್ನು ಒಂದೇ ಸಮನಾದ 25ಕ್ಕೆ ತಂದು, ಚಿಕ್ಕಮ್ಮನ ಮುಖ ದೊಡ್ಡದು ಮಾಡಿ, ಸಾಲುಗಳನ್ನು ದಪ್ಪಕ್ಷರದಲ್ಲಿ ಮತ್ತೆ ಟೈಪ್ ಮಾಡಿ, ಎರಡು ಡಿಸ್ಕ್ ಮಾಡಿ ಕಳಿಸಿದೆ.

"ಬಾಯಿ ಹಾಡಿನ ಜೊತೆಗೇ ಬಂತು," ಅಂದಳು ಅಕ್ಕ. ಆದರೆ ಡಬ್ಬಿ ಟೀವಿ ಚಿತ್ರದ ಅಂಚನ್ನು ನುಂಗುತ್ತದೆಂಬುದು ನನಗೆ ಮರೆತೇ ಹೋಗಿತ್ತು. ಪ್ರತಿ ಸಾಲಿನ ಮೊದಲಕ್ಷರ ಕಾಣುತ್ತಿಲ್ಲವಂತೆ. ಇನ್ನೊಂದು ಮಾಡಿ ಕಳಿಸುತ್ತೇನೆ ಎಂದೆ.

"ಬೇಡ ಬಿಡೇ, ಮೊದಲಕ್ಷರ ನನಗೆ ಗೊತ್ತು," ಅಂದಳು.