ಕಾಪು ದೀಪಸ್ತಂಭ

ಉಡುಪಿ ಜಿಲ್ಲೆಯ ಕಾಪು ಕಡಲತೀರದ ಹೆಬ್ಬಂಡೆಯ ಮೇಲಿರುವ ಐತಿಹಾಸಿಕ ದೀಪಸ್ತಂಭ. ನಿರ್ಮಾಣ 1901; ಎತ್ತರ ಸುಮಾರು 27 ಮೀಟರ್. ಅರಬ್ಬೀ ಸಮುದ್ರದ ಹಡಗುಗಳಿಗೂ ಮೀನುಗಾರರಿಗೂ ದಡದ ಬಂಡೆಗಳ ಎಚ್ಚರಿಕೆ ಕೊಡುತ್ತ ಬಂದಿದೆ. ಹಗಲಲ್ಲಿ ಬಿಳಿ ಗೋಪುರದ ಕಪ್ಪು ಪಟ್ಟೆಗಳೇ ಗುರುತು; ಇರುಳಲ್ಲಿ ನಿಗದಿತ ಅಂತರದಲ್ಲಿ ಮಿನುಗುವ ಬೆಳಕು. ಮೊದಲಿದ್ದ ಎಣ್ಣೆದೀಪದ ಜಾಗದಲ್ಲಿ ಈಗ ವಿದ್ಯುದ್ದೀಪವಿದೆ.

ಸಂಜೆ ಹೊತ್ತು ಸಾರ್ವಜನಿಕರಿಗೆ ಪ್ರವೇಶವುಂಟು. ಬಂಡೆಯ ಮೆಟ್ಟಿಲು ಹತ್ತಿ, ಒಳಗಿನ ಸುರುಳಿ ಮೆಟ್ಟಿಲುಗಳಲ್ಲಿ ಸಾಗಿದರೆ ಮೇಲಿನ ಮೊಗಸಾಲೆಯಿಂದ ಅಲೆಗಳು, ಕರಿಬಂಡೆಗಳು, ತೆಂಗಿನ ತೋಟಗಳು ಒಟ್ಟಿಗೇ ಕಾಣುತ್ತವೆ. ಹತ್ತಿರದ ಪಡುಬಿದ್ರಿ ಕಡಲತೀರಕ್ಕೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ದೊರೆಯಿತು. ಸಕಲೇಶಪುರ–ಆಲೂರು ಕಡೆಯವರು ಶಿರಾಡಿ ಘಾಟಿ ಇಳಿದು, ಮಂಗಳೂರಿನ ಮೂಲಕ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಇಲ್ಲಿಗೆ ಬರಬಹುದು.